ಸತ್ತವರ ಮಾತಿಗೆ ಸಾಕ್ಷಿ ಯಾರು?

ಮನೆಯ ಹಿರಿಯರು ತೀರಿಕೊಂಡು ಹದಿಮೂರು ದಿನ ಕಳೆಯುವುದರೊಳಗೆ ಕೆಲವು ಅಪರಿಚಿತ ಶಬ್ದಗಳು ಮನೆಯೊಳಗೆ ಕಾಲಿಡುತ್ತವೆ. ಉಯಿಲು, ಪ್ರೊಬೇಟ್, ಎಕ್ಸಿಕ್ಯೂಟರ್, ಸಕ್ಸೆಷನ್ ಸರ್ಟಿಫಿಕೇಟ್, ಪೌತಿ ಖಾತೆ. ಇವುಗಳ ಅರ್ಥ ತಿಳಿಯದೆ ರುಜು ಹಾಕಿ ಹಕ್ಕು ಕಳೆದುಕೊಂಡವರುಂಟು. ಅರ್ಥ ತಿಳಿಯದ ಭಯಕ್ಕೇ ಕೋರ್ಟಿನ ಮೆಟ್ಟಿಲು ಹತ್ತದವರೂ ಉಂಟು. ಆದರೆ ಒಂದೊಂದು ಶಬ್ದದ ಹಿಂದೆಯೂ ಒಂದು ಚರಿತ್ರೆಯಿದೆ. ಅದನ್ನು ಬಲ್ಲವರಿಗೆ ಅದರ ಅರ್ಥವೂ ಸುಲಭವಾಗುತ್ತದೆ.

‘ಉಯಿಲು’ ಎಂಬುದು ಅಚ್ಚ ಕನ್ನಡದಂತೆ ಕೇಳಿಸಿದರೂ ಅದು ಇಂಗ್ಲಿಷಿನ ‘ವಿಲ್’ ಶಬ್ದವೇ. ಉತ್ತರ ಕರ್ನಾಟಕದಲ್ಲಿ ‘ಮೃತ್ಯುಪತ್ರ’ ಎನ್ನುತ್ತಾರೆ. ‘ಮರಣಶಾಸನ’ ಎಂಬ ಮಾತೂ ಬಳಕೆಯಲ್ಲಿದೆ. ಜನರ ಬಾಯಲ್ಲಿ ಎರವಲು ಶಬ್ದವೇ ಗಟ್ಟಿಯಾಗಿ ನಿಂತದ್ದಕ್ಕೆ ಕಾರಣವಿದೆ. ಹಿಂದೂ ಧರ್ಮಶಾಸ್ತ್ರಗಳಲ್ಲಿ ಈ ವಸ್ತುವೇ ಇರಲಿಲ್ಲ.

ಹನ್ನೊಂದು–ಹನ್ನೆರಡನೆಯ ಶತಮಾನದ ಸಂಧಿಕಾಲದಲ್ಲಿ, ಚಾಲುಕ್ಯ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಇಂದಿನ ಬೀದರ್ ಜಿಲ್ಲೆಯ ಕಲ್ಯಾಣದಲ್ಲಿದ್ದ ವಿಜ್ಞಾನೇಶ್ವರನು ಯಾಜ್ಞವಲ್ಕ್ಯ ಸ್ಮೃತಿಗೆ ‘ಮಿತಾಕ್ಷರಾ’ ಎಂಬ ವ್ಯಾಖ್ಯಾನ ಬರೆದನು. ಬಂಗಾಳದ ಕಡೆಯನ್ನು ಬಿಟ್ಟರೆ ಭಾರತದ ಬಹುಭಾಗ ಹಿಂದೂ ಕುಟುಂಬಗಳ ಆಸ್ತಿ ವಿಚಾರದಲ್ಲಿ ಪ್ರಮಾಣವಾಗಿದ್ದುದು ಈ ಗ್ರಂಥವೇ. ಮಗ ಹುಟ್ಟಿದ ಕ್ಷಣದಲ್ಲೇ ಪಿತ್ರಾರ್ಜಿತ ಆಸ್ತಿಯಲ್ಲಿ ಅವನಿಗೆ ಪಾಲು ಹುಟ್ಟುತ್ತದೆ ಎಂಬುದು ಅದರ ಮುಖ್ಯ ಸೂತ್ರ. ಆಸ್ತಿ ಇಡೀ ಮನೆತನದ್ದಾದ ಮೇಲೆ, ತಾನು ಸತ್ತ ನಂತರ ಅದು ಇಂಥವರಿಗೆ ಸೇರಲಿ ಎಂದು ಬರೆದಿಡುವ ಅಧಿಕಾರ ಯಜಮಾನನಿಗೆ ಎಲ್ಲಿಂದ ಬರಬೇಕು? ಬದುಕಿದ್ದಾಗ ದಾನ ಕೊಡಬಹುದಿತ್ತು, ಪಾಲು ಮಾಡಬಹುದಿತ್ತು, ಅಷ್ಟೆ. ಮುಸ್ಲಿಂ ಕಾನೂನಿನಲ್ಲಿ ‘ವಸಿಯತ್’ ಇತ್ತಾದರೂ ವಾರಸುದಾರರ ಒಪ್ಪಿಗೆಯಿಲ್ಲದೆ ಮೂರನೆಯ ಒಂದು ಭಾಗಕ್ಕಿಂತ ಹೆಚ್ಚನ್ನು ಹಾಗೆ ಬರೆಯುವಂತಿರಲಿಲ್ಲ.

ಇಂಗ್ಲೆಂಡಿನಲ್ಲಿ ಭೂಮಿಯನ್ನು ವಿಲ್ ಮೂಲಕ ಕೊಡುವ ಹಕ್ಕಿಗೆ ಎಂಟನೆಯ ಹೆನ್ರಿಯ ಕಾಲದ 1540ರ ಶಾಸನ ಆಧಾರವಾಯಿತು. ವಿಲ್‌ಗಳ ಸತ್ಯಾಸತ್ಯತೆ ತೀರ್ಮಾನಿಸುವ ಕೆಲಸ 1857ರವರೆಗೂ ಅಲ್ಲಿನ ಚರ್ಚಿನ ನ್ಯಾಯಾಲಯಗಳ ಕೈಯಲ್ಲಿತ್ತು. ‘ಪ್ರೊಬೇಟ್’ ಎಂಬುದು ‘ಸಾಬೀತುಪಡಿಸು’ ಎಂಬರ್ಥದ ಲ್ಯಾಟಿನ್ ಧಾತುವಿನಿಂದ ಬಂದದ್ದು. 1726ರ ರಾಜಸನ್ನದಿನಂತೆ ಮದರಾಸು, ಮುಂಬಯಿ, ಕಲ್ಕತ್ತೆಗಳಲ್ಲಿ ಏರ್ಪಟ್ಟ ಮೇಯರ್ ಕೋರ್ಟುಗಳೊಂದಿಗೆ ಈ ಪದ್ಧತಿ ನಮ್ಮ ಬಂದರು ಪಟ್ಟಣಗಳಿಗೆ ಕಾಲಿಟ್ಟಿತು.

ಕಲ್ಕತ್ತೆಯ ಶ್ರೀಮಂತ ಪ್ರಸನ್ನಕುಮಾರ ಟ್ಯಾಗೋರರ ವಿಲ್ ಇಲ್ಲಿ ನೆನೆಯತಕ್ಕದ್ದು. ಕ್ರೈಸ್ತ ಮತಕ್ಕೆ ಸೇರಿದ ಮಗನಿಗೆ ಏನೂ ಸಿಗದಂತೆ, ಆಸ್ತಿ ಮೊದಲು ಒಬ್ಬ ಸೋದರನ ಮಗನಿಗೆ, ಅನಂತರ ಇನ್ನೂ ಹುಟ್ಟದ ಗಂಡುಸಂತತಿಗೆ ಹೋಗುವಂತೆ ಅವರು ಬರೆದಿಟ್ಟಿದ್ದರು. 1872ರಲ್ಲಿ ಲಂಡನ್ನಿನ ಪ್ರಿವಿ ಕೌನ್ಸಿಲ್ ಇತ್ತ ತೀರ್ಪು ಪ್ರಸಿದ್ಧವಾದದ್ದು: ಹಿಂದೂವೊಬ್ಬ ವಿಲ್ ಬರೆಯಬಹುದು, ಮಗನನ್ನು ಹೊರಗಿಡಲೂಬಹುದು; ಆದರೆ ಹುಟ್ಟದೇ ಇರುವವರಿಗೆ ಕೊಡುವಂತಿಲ್ಲ, ಶಾಸ್ತ್ರದಲ್ಲಿಲ್ಲದ ಹೊಸ ವಾರಸು ಕ್ರಮವನ್ನು ಸೃಷ್ಟಿಸುವಂತಿಲ್ಲ. ಹೊರಗಿಟ್ಟ ಮಗನಿಗೇ, ಸೋದರನ ಮಗನ ಜೀವಿತಾನಂತರ, ವಾರಸಿನ ಹಕ್ಕು ಉಳಿಯಿತು. ಇದರ ಆಸುಪಾಸಿನಲ್ಲೇ 1870ರ ಹಿಂದೂ ವಿಲ್‌ಗಳ ಕಾಯಿದೆ, 1881ರ ಪ್ರೊಬೇಟ್ ಕಾಯಿದೆಗಳು ಬಂದು, 1925ರ ಭಾರತೀಯ ಉತ್ತರಾಧಿಕಾರ ಕಾಯಿದೆಯಲ್ಲಿ ಎಲ್ಲವೂ ಒಂದುಗೂಡಿದವು.

ಈಗ ಶಬ್ದಗಳಿಗೆ ಬರೋಣ. ಉಯಿಲನ್ನು ಜಾರಿಗೆ ತರಲು ಬರೆದವರೇ ಹೆಸರಿಸಿದ ವ್ಯಕ್ತಿ ಎಕ್ಸಿಕ್ಯೂಟರ್. ಉಯಿಲು ನಿಜವೆಂದು ನ್ಯಾಯಾಲಯ ಒಪ್ಪಿ, ತನ್ನ ಮೊಹರಿನೊಂದಿಗೆ ಅದರ ನಕಲನ್ನು ಎಕ್ಸಿಕ್ಯೂಟರಿಗೆ ಕೊಟ್ಟರೆ ಅದು ಪ್ರೊಬೇಟ್. ಉಯಿಲಿನಲ್ಲಿ ಅಂಥವರ ಹೆಸರಿಲ್ಲದಿದ್ದರೆ ಅಥವಾ ಉಯಿಲೇ ಇಲ್ಲದಿದ್ದರೆ ಕೊಡುವುದು ಆಡಳಿತ ಪತ್ರ. ಮೃತರ ಬ್ಯಾಂಕ್ ಠೇವಣಿ, ಷೇರು, ಬರಬೇಕಾದ ಸಾಲಗಳ ವಸೂಲಿಗೆ ಸಕ್ಸೆಷನ್ ಸರ್ಟಿಫಿಕೇಟ್. ಹೊಲಮನೆಗಳಿಗೆ ಅದು ಅನ್ವಯಿಸದು. ಬರೆದ ಉಯಿಲಿಗೆ ಆಮೇಲೆ ಸೇರಿಸುವ ತಿದ್ದುಪಡಿ ಕೋಡಿಸಿಲ್. ಮರಣದ ನಂತರ ಕಂದಾಯ ದಾಖಲೆಯಲ್ಲಿ ವಾರಸುದಾರರ ಹೆಸರು ಏರಿಸುವುದು ಪೌತಿ ಖಾತೆ. ‘ಫೌತ್’ ಎಂದರೆ ಮರಣ. ಅದು ಅರಬ್ಬಿ ಮೂಲದಿಂದ ಪಾರಸಿಯ ಮೂಲಕ ಬಂದ ಮಾತು. ಹೀಗೆ ಒಂದು ಸಾವಿನ ಕಾಗದಪತ್ರದಲ್ಲಿ ಸಂಸ್ಕೃತ, ಪಾರಸಿ, ಇಂಗ್ಲಿಷ್ ಮೂರೂ ಸೇರಿರುತ್ತವೆ.

‘ಸ್ವಸ್ಥಚಿತ್ತದಿಂದ, ಯಾರ ಬಲವಂತವೂ ಇಲ್ಲದೆ’ ಎಂಬ ಮಾತು ಪ್ರತಿಯೊಂದು ಉಯಿಲಿನಲ್ಲೂ ಇರುತ್ತದೆ. ಅದು ಬರಿಯ ಒಕ್ಕಣೆಯಲ್ಲ ಎಂಬುದನ್ನು ಇಡೀ ದೇಶಕ್ಕೆ ತಿಳಿಸಿದ್ದು ಮೈಸೂರಿನದೇ ಒಂದು ಮೊಕದ್ದಮೆ. 1945ರಲ್ಲಿ ಒಬ್ಬ ವಿಧವೆಯ ಹೆಸರಿನಲ್ಲಾದ ಉಯಿಲು ಅದು. ಅದನ್ನು ಸಿದ್ಧಪಡಿಸುವಲ್ಲಿ ಮುಂದಾಗಿ ನಿಂತವರ ಕುಟುಂಬಕ್ಕೇ ಅದರಿಂದ ಗಣನೀಯ ಲಾಭವಿತ್ತು. ‘ವೆಂಕಟಾಚಲ ಅಯ್ಯಂಗಾರ್ ವಿರುದ್ಧ ತಿಮ್ಮಾಜಮ್ಮ’ ಎಂದು ಹೆಸರಾದ ಈ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 1958ರ ನವೆಂಬರಿನಲ್ಲಿ ಉಯಿಲನ್ನು ಒಪ್ಪಲಿಲ್ಲ. ನ್ಯಾಯಮೂರ್ತಿ ಗಜೇಂದ್ರಗಡಕರ್ ಅವರ ತರ್ಕ ಸರಳವಾದದ್ದು. ಬೇರೆ ಪತ್ರಗಳಿಗೆ ಬರೆದವರು ಬಂದು ಸಾಕ್ಷಿ ಹೇಳಬಲ್ಲರು; ಉಯಿಲು ಮಾತನಾಡತೊಡಗುವುದೇ ಬರೆದವರು ಮೌನವಾದ ಮೇಲೆ. ಆದ್ದರಿಂದ ನಡುಗಿದ ರುಜು, ದುರ್ಬಲಗೊಂಡ ಬುದ್ಧಿ, ಹತ್ತಿರದವರನ್ನು ಅಸಹಜವಾಗಿ ಬಿಟ್ಟಿರುವುದು ಇಂಥ ಸಂಶಯಗಳನ್ನು ನಿವಾರಿಸುವ ಹೊಣೆ ಉಯಿಲನ್ನು ಮುಂದಿಟ್ಟವರದೇ. ಇಂದಿಗೂ ಉಯಿಲಿನ ವ್ಯಾಜ್ಯಗಳಲ್ಲಿ ವಕೀಲರು ಮೊದಲು ಉಲ್ಲೇಖಿಸುವ ತೀರ್ಪುಗಳಲ್ಲಿ ಇದೊಂದು.

ಉಯಿಲಿಗೆ ಛಾಪಾ ಕಾಗದ ಬೇಕಿಲ್ಲ, ನೋಂದಣಿಯೂ ಕಡ್ಡಾಯವಲ್ಲ. ಬೇಕಾದದ್ದು ಬರೆಸಿದವರ ರುಜು ಅಥವಾ ಹೆಬ್ಬೆಟ್ಟು ಮತ್ತು ಕನಿಷ್ಠ ಇಬ್ಬರು ಸಾಕ್ಷಿಗಳು. ಹಿಂದೂಗಳ ಉಯಿಲಿಗೆ ಪ್ರೊಬೇಟ್ ಕಡ್ಡಾಯವೆಂಬ ನಿಯಮವಿದ್ದುದು ಮುಖ್ಯವಾಗಿ ಹಳೆಯ ಮೂರು ಪ್ರೆಸಿಡೆನ್ಸಿ ಪಟ್ಟಣಗಳ ಸಂಬಂಧದಲ್ಲಿ. 2025ರ ಡಿಸೆಂಬರಿನಲ್ಲಿ ಸಂಸತ್ತು ಆ 213ನೆಯ ಕಲಮನ್ನೇ ತೆಗೆದುಹಾಕಿತು.

1994ರ ಕರ್ನಾಟಕ ತಿದ್ದುಪಡಿ, 2005ರ ಕೇಂದ್ರ ತಿದ್ದುಪಡಿಗಳಿಂದ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಹುಟ್ಟಿನಿಂದಲೇ ಹಕ್ಕು ದೊರೆತಿದೆ. ವಿಜ್ಞಾನೇಶ್ವರನ ಸೂತ್ರ ಹೀಗೆ ಮಗಳವರೆಗೂ ಚಾಚಿತು. ಆದರೆ 1956ರ ಕಾಯಿದೆ ತನ್ನ ಪಾಲನ್ನು ಉಯಿಲಿನ ಮೂಲಕ ಬೇರೆಯವರಿಗೆ ಕೊಡುವ ಅಧಿಕಾರವನ್ನೂ ಕೊಟ್ಟಿದೆ. ಹೆಣ್ಣುಮಕ್ಕಳನ್ನು ಹೊರಗಿಡಲು ಇದೂ ಒಂದು ದಾರಿ. ಅಂಥ ಕಾಗದ ಎದುರಾದಾಗ ಮಗಳು ಮೊದಲು ಕೇಳಬೇಕಾದ ಪ್ರಶ್ನೆಗಳು ಎರಡು: ಇದರಲ್ಲಿರುವುದು ಅಪ್ಪನ ಸ್ವಯಾರ್ಜಿತವೇ, ಅಪ್ಪನ ಪಾಲೇ ಅಥವಾ ನನ್ನ ಪಾಲೂ ಸೇರಿದೆಯೇ? ರುಜು ಬಿದ್ದಾಗ ಕಣ್ಣಾರೆ ಕಂಡವರು ಯಾರು?