ತಲೆನೋವಿಗೆ ಬೆನ್ನಿನಲ್ಲಿ ಹುಡುಕಾಟ

ಎದ್ದು ನಿಂತರೆ ತಲೆ ಸಿಡಿಯುತ್ತದೆ, ಮಲಗಿದರೆ ನೋವು ಇಳಿಯುತ್ತದೆ. ಇಂಥ ತಲೆನೋವಿನ ಮೂಲ ಬೆನ್ನಿನಲ್ಲಿರಬಹುದು ಎಂದರೆ ನಂಬುತ್ತೀರಾ?

ನಮ್ಮ ಮಿದುಳು ಮತ್ತು ಬೆನ್ನುಹುರಿ ತಿಳಿನೀರಿನಂಥ ದ್ರವದಲ್ಲಿ ತೇಲುತ್ತಿರುತ್ತವೆ. ಅದರ ಪ್ರಮಾಣ ಸುಮಾರು 150 ಮಿಲಿಲೀಟರ್, ಒಂದು ಲೋಟದಷ್ಟು. ಬೆನ್ನುಹುರಿಯ ಹೊರಪೊರೆ ಹರಿದು ಈ ದ್ರವ ಸೋರಿದರೆ, ನಿಂತಾಗ ಮಿದುಳು ಕೆಳಕ್ಕೆ ಜಗ್ಗುತ್ತದೆ.

1898ರಲ್ಲಿ ಜರ್ಮನಿಯ ಕೀಲ್ ನಗರದ ಶಸ್ತ್ರವೈದ್ಯ ಆಗಸ್ಟ್ ಬಿಯರ್ ಇದನ್ನು ಸ್ವತಃ ಅನುಭವಿಸಿದರು. ಬೆನ್ನಿಗೆ ಕೊಕೇನ್ ಚುಚ್ಚಿ ಅರಿವಳಿಕೆ ನೀಡುವ ಪ್ರಯೋಗಕ್ಕೆ ತಮ್ಮ ಬೆನ್ನನ್ನೇ ಒಡ್ಡಿದ್ದರು. ಸಿರಿಂಜು ಸೂಜಿಗೆ ಸರಿಯಾಗಿ ಕೂಡದೆ ಬಹಳಷ್ಟು ದ್ರವ ಸೋರಿಹೋಯಿತು. ಆಮೇಲೆ ಒಂಬತ್ತು ದಿನ ಹಾಸಿಗೆ. ಮಲಗಿದ ಕೂಡಲೇ ನೋವು ಮಾಯ! ದ್ರವ ಹೋದದ್ದೇ ಕಾರಣವೆಂದು ಅವರು ಸರಿಯಾಗಿಯೇ ಊಹಿಸಿದರು. ಸೂಜಿ ತಾಗದೆಯೂ ಹೀಗಾಗಬಹುದೆಂದು 1938ರಲ್ಲಿ ಶಾಲ್ಟೆನ್‌ಬ್ರಾಂಡ್ ಎಂಬ ಜರ್ಮನ್ ನರತಜ್ಞ ವಿವರಿಸಿದರು.

ಹಾಗಾದರೆ ತೂತು ಎಲ್ಲಿದೆ? ಕ್ಷ-ಕಿರಣಕ್ಕೆ ಈ ದ್ರವ ಬೇರೆಯಾಗಿ ಕಾಣದು. 1921ರಲ್ಲಿ ಫ್ರಾನ್ಸಿನ ಸಿಕಾರ್ ಮತ್ತು ಫೊರೆಸ್ತಿಯೆ ಅಯೋಡಿನ್ ಬೆರೆಸಿದ ಗಸಗಸೆ ಎಣ್ಣೆಯಿಂದ ಬೆನ್ನುಹುರಿಯ ಸುತ್ತಲಿನ ಜಾಗವನ್ನು ಚಿತ್ರದಲ್ಲಿ ಮೂಡಿಸಿದರು. ಆದರೆ ಜಿಡ್ಡು ದೇಹದಲ್ಲೇ ಉಳಿಯುತ್ತಿತ್ತು. ನೀರಿನಲ್ಲಿ ಕರಗುವ ಅಯೋಡಿನ್ ದ್ರಾವಣ, ಸಿ.ಟಿ. ಯಂತ್ರ ಬಂದ ಮೇಲೆ ಕೆಲಸ ಹಗುರಾಯಿತು.

1990ರ ದಶಕದಲ್ಲಿ ಎಂ.ಆರ್.ಐ. ಇನ್ನೊಂದು ದಾರಿ ತೋರಿತು. ರಕ್ತನಾಳಕ್ಕೆ ಗ್ಯಾಡೊಲಿನಿಯಂ ಕೊಟ್ಟು ನೋಡಿದರೆ ಮಿದುಳಿನ ಪೊರೆ ದಪ್ಪಗಾಗಿ ಹೊಳೆಯುತ್ತಿತ್ತು, ಮಿದುಳು ಕುಸಿದಿರುತ್ತಿತ್ತು. ಇದು ತೊಟ್ಟಿಯ ನೀರು ಇಳಿದದ್ದನ್ನು ಕಂಡು ಸೋರಿಕೆ ಊಹಿಸಿದಂತೆ. ತೂತಿನ ಜಾಗ ಮಾತ್ರ ಸಿಗದು. ಸಾಲದ್ದಕ್ಕೆ, ಇಂಥ ರೋಗಿಗಳಲ್ಲಿ ಸುಮಾರು ಐವರಲ್ಲಿ ಒಬ್ಬರ ಮಿದುಳಿನ ಚಿತ್ರ ಸಹಜವಾಗಿಯೇ ಇರುತ್ತದೆ. ‘ನಿಮಗೇನೂ ಆಗಿಲ್ಲ’ ಎಂದು ಕೇಳಿಸಿಕೊಂಡು ಮನೆಗೆ ಮರಳಿದವರ ಪಾಡು ಊಹಿಸಿಕೊಳ್ಳಿ.

2014ರಲ್ಲಿ ಅಮೆರಿಕದ ಶೀವಿಂಕ್ ಮತ್ತು ಸಂಗಡಿಗರು ಇನ್ನೊಂದು ಬಗೆಯನ್ನು ಕಂಡರು: ದ್ರವ ನೇರವಾಗಿ ಪಕ್ಕದ ಅಭಿಧಮನಿಗೆ ಸೇರಿ ರಕ್ತದೊಡನೆ ಹೋಗಿಬಿಡುತ್ತದೆ. ಹೊರಗೆ ಒಂದು ಹನಿಯೂ ನಿಲ್ಲದಿದ್ದರೆ ಚಿತ್ರದಲ್ಲಿ ಏನು ಕಂಡೀತು? ಇದಕ್ಕೆ ಒದಗಿದ್ದು ‘ಕಳೆಯುವ’ ತಂತ್ರ. ರೋಗಿಯನ್ನು ಮಗ್ಗುಲಾಗಿ ಮಲಗಿಸಿ, ದ್ರಾವಣ ಕೊಡುವ ಮೊದಲಿನ ಚಿತ್ರವನ್ನು ಆಮೇಲಿನ ಚಿತ್ರಗಳಿಂದ ಗಣಕಯಂತ್ರ ಕಳೆಯುತ್ತದೆ. ಮೂಳೆ ಅಳಿಸಿಹೋಗಿ, ಹರಿಯುವ ದ್ರಾವಣವಷ್ಟೇ ಉಳಿಯುತ್ತದೆ. ಕ್ಯಾಮೆರಾದೊಡನೆ ಬದುಕುವ ನನಗೆ ಇದು ಬಲು ಮೆಚ್ಚಿಕೆಯಾದ ಉಪಾಯ. ರೋಗಿ ಉಸಿರು ಬಿಗಿಹಿಡಿದು ಅಲುಗದೆ ಇರಬೇಕು, ಅಷ್ಟೆ.

ಜಾಗ ಸಿಕ್ಕರೆ ಅಂಟು ಚುಚ್ಚಬಹುದು, ಶಸ್ತ್ರಕ್ರಿಯೆಯಿಂದ ಕಟ್ಟಬಹುದು. 2021ರಿಂದ ಆ ಅಭಿಧಮನಿಯನ್ನು ಒಳಗಿನಿಂದಲೇ ಮುಚ್ಚುವ ವಿಧಾನವೂ ಬಂದಿದೆ.