ತಪ್ಪು ಒಪ್ಪಿಕೊಂಡ ಮೇಷ್ಟ್ರು

ವೀಕ್ಷಕರೇ, ನಾಲ್ಕು ವರ್ಷಕ್ಕೂ ಕಡಿಮೆ ಅವಧಿಯಲ್ಲಿ ಒಂದು ದೇಶದ ಐದು ಜನರಲ್ಲಿ ಒಬ್ಬರು ಸತ್ತುಹೋದರು ಅಂದ್ರೆ ನಂಬ್ತೀರಾ? ನಂಬಲಿಕ್ಕೆ ಕಷ್ಟ. ಆವತ್ತು ಜಗತ್ತೂ ನಂಬಲಿಲ್ಲ.

1975ರ ಏಪ್ರಿಲ್ 17. ಪೋಲ್ ಪಾಟ್‌ನ ಖಮೇರ್ ರೂಜ್ ಪಡೆ ಕಾಂಬೋಡಿಯಾದ ರಾಜಧಾನಿ ನೋಮ್ ಪೆನ್‌ಗೆ ನುಗ್ಗಿತು. ಇಡೀ ನಗರ ಖಾಲಿ ಮಾಡಿಸಿತು. ಆಸ್ಪತ್ರೆಯ ಹಾಸಿಗೆ ಮೇಲಿದ್ದ ರೋಗಿಗಳನ್ನೂ ಬಿಡಲಿಲ್ಲ. ದುಡ್ಡು ರದ್ದು, ಶಾಲೆ ಬಂದ್, ಬೌದ್ಧ ವಿಹಾರ ಬಂದ್. ಎಲ್ಲರೂ ಗದ್ದೆಗೆ ನಡೀರಿ!

ಆಗ ಆಸ್ಟ್ರೇಲಿಯಾದಲ್ಲಿ ಬೆನ್ ಕೀರ್ನನ್ ಎಂಬ ಯುವ ಸಂಶೋಧಕರಿದ್ದರು. ಕಾಂಬೋಡಿಯಾ ನೋಡಿ ಬಂದವರು. ಕೊಲೆಗಳ ಸುದ್ದಿ ಬಂದಾಗ ಅವರು ನಂಬಲಿಲ್ಲ. ಪಾಶ್ಚಾತ್ಯ ಪತ್ರಿಕೆಗಳು ಉಪ್ಪುಖಾರ ಹಚ್ಚುತ್ತಿವೆ ಎಂಬ ಅನುಮಾನದಲ್ಲೇ ಬರೆದರು.

ಆಮೇಲೆ ಅವರು ಮಾಡಿದ್ದು ನೋಡಿ. ಖಮೇರ್ ಭಾಷೆ ಕಲಿತು, ಬದುಕುಳಿದು ಬಂದ ನೂರಾರು ಜನರ ಮುಂದೆ ಕೂತು ಕೇಳಿಸಿಕೊಂಡರು. ಕೇಳ್ತಾ ಕೇಳ್ತಾ ತಮ್ಮ ವಾದವೇ ಕುಸಿಯಿತು. ನಾನು ತಪ್ಪು ಮಾಡಿದೆ, ನನಗೆ ತಡವಾಗಿ ಅರ್ಥವಾಯಿತು ಅಂತ 1979ರಲ್ಲಿ ಬರೆದೇ ಬಿಟ್ಟರು.

ಅದೇ ವರ್ಷ ವಿಯೆಟ್ನಾಂ ಸೇನೆ ಪೋಲ್ ಪಾಟ್‌ನನ್ನು ಓಡಿಸಿತು. ಆದರೆ ವಿಶ್ವಸಂಸ್ಥೆಯ ಕುರ್ಚಿ? ಅದು ಪೋಲ್ ಪಾಟ್ ಕಡೆಯವರ ಹತ್ತಿರವೇ ಉಳಿಯಿತು. ಚೀನಾ, ಅಮೆರಿಕಗಳಿಗೆ ವಿಯೆಟ್ನಾಂ ಮತ್ತು ಸೋವಿಯತ್ ಮೇಲಿನ ಹಗೆಯೇ ದೊಡ್ಡದಾಗಿತ್ತು. 1980ರಲ್ಲಿ ಇಂದಿರಾ ಗಾಂಧಿ ಸರ್ಕಾರ ನೋಮ್ ಪೆನ್‌ನ ಹೊಸ ಸರ್ಕಾರಕ್ಕೆ ಮಾನ್ಯತೆ ಕೊಟ್ಟಿತು. ಕಮ್ಯುನಿಸ್ಟ್ ಬಣದ ಹೊರಗೆ ಹಾಗೆ ಮಾಡಿದ ದೇಶಗಳು ತೀರಾ ವಿರಳ.

1994ರಲ್ಲಿ ಅಮೆರಿಕದ ಯೇಲ್ ವಿಶ್ವವಿದ್ಯಾಲಯದಲ್ಲಿ ಕಾಂಬೋಡಿಯಾ ನರಮೇಧದ ದಾಖಲೆ ಕೂಡಿಸುವ ಕೆಲಸ ಶುರುವಾಯಿತು. ಮುಖ್ಯಸ್ಥರು ಕೀರ್ನನ್. ವಿರೋಧಿಗಳು ಅವರ ಹಳೇ ಲೇಖನ ಹಿಡಿದು ಮುಗಿಬಿದ್ದರು. ಇವರು ಜಗ್ಗಲಿಲ್ಲ. ಸುಮಾರು 79 ಲಕ್ಷ ಜನರಲ್ಲಿ ಸತ್ತವರು ಹತ್ತಿರ ಹತ್ತಿರ 16.7 ಲಕ್ಷ ಎಂದು ಲೆಕ್ಕ ಹಾಕಿದರು. ಈ ಯೋಜನೆಯಿಂದಲೇ ನೋಮ್ ಪೆನ್‌ನಲ್ಲಿ ದಾಖಲೆ ಕೇಂದ್ರವೂ ಎದ್ದಿತು. ಅಲ್ಲಿ ಜೋಪಾನ ಮಾಡಿದ ಕಾಗದಗಳು ಮುಂದೆ ನ್ಯಾಯಾಲಯದಲ್ಲಿ ಸಾಕ್ಷಿಯಾದವು.

2018ರ ನವೆಂಬರ್ 16ರಂದು ನುವಾನ್ ಚಿಯಾ, ಖಿಯು ಸಂಫಾನ್ ಇಬ್ಬರೂ ನರಮೇಧದ ಅಪರಾಧಿಗಳು ಅಂತ ತೀರ್ಪು ಬಂತು. ಒಬ್ಬನಿಗೆ 92 ವರ್ಷ, ಇನ್ನೊಬ್ಬನಿಗೆ 87. ಪೋಲ್ ಪಾಟ್ ಮಾತ್ರ ಕಟಕಟೆ ಹತ್ತದೆ 1998ರಲ್ಲೇ ಸತ್ತುಹೋಗಿದ್ದ.

ನಮ್ಮ ಸ್ಟುಡಿಯೋದಲ್ಲಿ ದಿನಾ ರಾತ್ರಿ ಗಟ್ಟಿ ಗಂಟಲಿನ ಮಾತು ನಡೆಯುತ್ತೆ. ನಾನೂ ಅದರಲ್ಲಿ ಒಬ್ಬ. ‘ನಿನ್ನೆ ನಾನು ಹೇಳಿದ್ದು ತಪ್ಪು’ ಅಂತ ಯಾರಾದರೂ ಹೇಳಿದ್ದು ನಿಮಗೆ ನೆನಪಿದೆಯಾ? ನನಗಂತೂ ನೆನಪಿಲ್ಲ.