ಚಹಾಕ್ಕೆಂದು ಹುಟ್ಟಿ ಉಣ್ಣೆಯಲ್ಲಿ ಗೆದ್ದ ಹಡಗು

ಗ್ರೀನಿಚ್‌ನಲ್ಲಿ ನಿಂತಿರುವ 'ಕಟ್ಟಿ ಸಾರ್ಕ್' ಹಾಯಿಹಡಗಿನ ಕಥೆ ಓದಿದಾಗಲೆಲ್ಲ ನನಗೆ ಪಾಪ ಅನ್ನಿಸುತ್ತೆ. ಚೀನಾದ ಚಹಾವನ್ನು ಎಲ್ಲರಿಗಿಂತ ಮೊದಲು ಲಂಡನ್ನಿಗೆ ತರಲಿ ಅಂತ ಕಟ್ಟಿಸಿದ ಹಡಗು ಅದು. ನೀರಿಗಿಳಿದದ್ದು 1869ರ ನವೆಂಬರ್ 22ರಂದು. ಅದಕ್ಕೆ ಐದೇ ದಿನ ಮೊದಲು, ನವೆಂಬರ್ 17ಕ್ಕೆ, ಸೂಯೆಜ್ ಕಾಲುವೆ ತೆರೆದಿತ್ತು! ಉಗಿಹಡಗುಗಳಿಗೆ ಒಳದಾರಿ ಸಿಕ್ಕಿತು. ಹಾಯಿಹಡಗುಗಳಿಗೆ ಆ ದಾರಿ ಆಗಿಬರಲಿಲ್ಲ, ಆಫ್ರಿಕಾ ಸುತ್ತಿಯೇ ಬರಬೇಕಿತ್ತು. ಕೆಲವೇ ವರ್ಷಗಳಲ್ಲಿ ಚಹಾ ಕೈತಪ್ಪಿತು.

ಅಲ್ಲಿಗೆ ಕಥೆ ಮುಗೀಬೇಕಿತ್ತು, ಅಲ್ವಾ? ಮುಗೀಲಿಲ್ಲ. 1883ರಲ್ಲಿ ಅದು ಆಸ್ಟ್ರೇಲಿಯಾದ ಉಣ್ಣೆ ಹೊರಲು ಶುರು ಮಾಡಿತು.

ಉಣ್ಣೆಗೂ ಅವಸರ ಇತ್ತು. ಅಲ್ಲಿ ಕುರಿಗಳ ಉಣ್ಣೆ ಕತ್ತರಿಸಿದ ಮೇಲೆ, ವರ್ಷದ ಮೊದಲ ತಿಂಗಳುಗಳಲ್ಲಿ ನಡೆಯುವ ಲಂಡನ್ ಹರಾಜಿಗೆ ಸರಕು ಮುಟ್ಟಬೇಕು. ತಡವಾದರೆ ಮುಂದಿನ ಹರಾಜಿಗೆ ಕಾಯಬೇಕು, ಅಷ್ಟು ದಿನ ಹಣ ಸಿಕ್ಕಿಹಾಕಿಕೊಂಡ ಹಾಗೆ. ಹಗುರವಾದ ಉಣ್ಣೆಯನ್ನು ಒತ್ತಿ ಪಿಂಡಿ ಮಾಡಿ, ಆ ಪಿಂಡಿಗಳನ್ನು ಮತ್ತೆ ಜ್ಯಾಕ್ ಹಾಕಿ ಬಿಗಿಯಾಗಿ ತುರುಕುತ್ತಿದ್ದರು.

ದಾರಿ ಮಾತ್ರ ಭಯಂಕರ. ತೆಂಕಣ ಸಾಗರದ ಪಡುವಣ ಗಾಳಿ ಹಿಡಿದು, ಹಿಮಗಡ್ಡೆಗಳ ನಡುವೆ ನುಗ್ಗಿ, ದಕ್ಷಿಣ ಅಮೆರಿಕದ ತುದಿಯ ಕೇಪ್ ಹಾರ್ನ್ ಸುತ್ತಬೇಕು. ನಡುವೆ ಕಲ್ಲಿದ್ದಲು ತುಂಬಿಸಿಕೊಳ್ಳುವ ಬಂದರುಗಳೇ ಇಲ್ಲದ ಆ ನೀರಿನಲ್ಲಿ ಪುಕ್ಕಟೆ ಗಾಳಿಯದೇ ದರ್ಬಾರು. ಆದರೆ ಆ ಗಾಳಿಗೂ ಬೆಲೆ ಇತ್ತು. ಹೆಪ್ಪುಗಟ್ಟುವ ಚಳಿಯಲ್ಲಿ ಕಂಬ ಹತ್ತಿ, ಒದ್ದೆ ಹಾಯಿ ಮಡಚುತ್ತಿದ್ದ ನಾವಿಕರು ಅದನ್ನು ತೆರುತ್ತಿದ್ದರು.

1885ರಲ್ಲಿ ಕಪ್ತಾನನಾಗಿ ಬಂದ ರಿಚರ್ಡ್ ವುಡ್‌ಗೆಟ್ ಎಲ್ಲರಿಗಿಂತ ದಕ್ಷಿಣಕ್ಕೆ ಹೋಗಿ ಜೋರು ಗಾಳಿ ಹುಡುಕುವವನು. ಮೊದಲ ಸಲವೇ ಸಿಡ್ನಿಯಿಂದ 73 ದಿನದಲ್ಲಿ ಇಂಗ್ಲೆಂಡ್ ಮುಟ್ಟಿದ. ಹಳೇ ಎದುರಾಳಿ 'ಥರ್ಮೊಪಿಲೆ' ಹಿಂದೆ ಬಿತ್ತು. 1889ರ ಜುಲೈನಲ್ಲಂತೂ ಸಿಡ್ನಿಗೆ ಹೋಗುತ್ತಿದ್ದ 'ಬ್ರಿಟಾನಿಯಾ' ಎಂಬ ಹೊಸ ಉಗಿಹಡಗನ್ನೇ ರಾತ್ರಿ ಹಿಂದೆ ಹಾಕಿಬಿಟ್ಟ!

ಹಾಗಾದ್ರೆ ಸೋತಿದ್ದೆಲ್ಲಿ? ವೇಗದಲ್ಲಲ್ಲ, ಲೆಕ್ಕದಲ್ಲಿ. 1881ರಲ್ಲೇ 'ಅಬರ್ಡೀನ್' ಎಂಬ ಉಗಿಹಡಗು ಕಡಿಮೆ ಕಲ್ಲಿದ್ದಲು ತಿನ್ನುವ ಹೊಸ ಎಂಜಿನ್ನಿನೊಂದಿಗೆ ಆಸ್ಟ್ರೇಲಿಯಾ ಮುಟ್ಟಿತ್ತು. ಅಂಥವು ಹೆಚ್ಚಾದ ಹಾಗೆ, ಗಾಳಿ ಬರಲಿ ಬಿಡಲಿ, ಉಣ್ಣೆ ಹೇಳಿದ ದಿನಕ್ಕೆ ತಲುಪತೊಡಗಿತು. ವ್ಯಾಪಾರಿಗೆ ಬೇಕಾದದ್ದು ಅದೇ. 1895ರಲ್ಲಿ ಕಟ್ಟಿ ಸಾರ್ಕ್ ಪೋರ್ಚುಗೀಸರ ಪಾಲಾಯಿತು. 1922ರಲ್ಲಿ ಇಂಗ್ಲಿಷ್ ಕಪ್ತಾನನೊಬ್ಬ ಅದನ್ನು ಕೊಂಡು ತಂದ ಕಾರಣ ಉಳಿಯಿತು.

ಹುಟ್ಟಿದ ಕೆಲಸ ಕೈಬಿಟ್ಟಿತು, ಸಿಕ್ಕಿದ ಕೆಲಸ ಹೆಸರು ಕೊಟ್ಟಿತು. ನಮ್ಮಲ್ಲೂ ಎಷ್ಟು ಜನರ ಕಥೆ ಹೀಗೇ ಇಲ್ಲ, ಹೇಳಿ?